ಮೂರು ಚಾಮುಂಡಿಯಷ್ಟು ಏರು: ಓದುಗರ ಪ್ರಶ್ನೆ, ಮೇಷ್ಟ್ರ ಉತ್ತರ

ಎರಡು ಸಂಚಿಕೆಗಳ ಹಿಂದೆ, ಅಮೆರಿಕದ ಯೊಸೆಮಿಟಿ ಕಣಿವೆಯ ನೆತ್ತಿಯ ಮೇಲಿರುವ ಗ್ಲೇಸಿಯರ್ ಪಾಯಿಂಟ್ ಎಂಬ ಜಾಗಕ್ಕೆ ನಡೆದು ಹತ್ತಿದ್ದನ್ನು ಇದೇ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಪತ್ರಗಳ ರಾಶಿ ಬಂದಿದೆ. ಕ್ಯಾಲಿಫೋರ್ನಿಯಾದಲ್ಲಿ ಮಗನೋ ಮಗಳೋ ಇಲ್ಲದ ಮನೆ ನಮ್ಮ ಓದುಗರಲ್ಲಿ ಕಡಿಮೆ ಎಂದು ಈಗ ಗೊತ್ತಾಯಿತು. ಹಾಗಾಗಿ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಬದಿಗಿಟ್ಟು ಆ ಒಂದು ಏರಿನ ಪತ್ರಗಳಿಗೆ ಮಾತ್ರ ಉತ್ತರಿಸುತ್ತಿದ್ದೇನೆ. ಕಾಲೇಜಿನಲ್ಲಿ ಮೂವತ್ತು ವರ್ಷ ಭೂವಿಜ್ಞಾನ ಪಾಠ ಮಾಡಿದವನು ನಾನು. ಎಲ್ಲಾದರೂ ಉತ್ತರ ಉದ್ದವಾದರೆ ನನ್ನ ಹಳೆಯ ವಿದ್ಯಾರ್ಥಿಗಳ ಹಾಗೆ ಹಿಂದಿನ ಬೆಂಚಿಗೆ ಹೋಗಿ ಕಣ್ಣು ಮುಚ್ಚಿಕೊಳ್ಳಿ, ಬೇಸರವಿಲ್ಲ.

ಪ್ರಶ್ನೆ: ಮೇಷ್ಟ್ರೇ, ನನಗೆ ಅರವತ್ತಮೂರು. ಸನ್ನಿವೇಲ್‌ನಲ್ಲಿರುವ ಮಗಳ ಮನೆಗೆ ಮೇ ತಿಂಗಳಲ್ಲಿ ಹೋಗುತ್ತಿದ್ದೇವೆ. ಗ್ಲೇಸಿಯರ್ ಪಾಯಿಂಟ್‌ಗೆ ಎಲ್ಲರೂ ನಡೆದೇ ಹತ್ತೋಣ ಎಂದು ಅಳಿಯ ಹೇಳುತ್ತಿದ್ದಾರೆ. ನನಗೆ ಸಕ್ಕರೆ ಕಾಯಿಲೆ ಇಲ್ಲ, ರಕ್ತದೊತ್ತಡಕ್ಕೆ ಮಾತ್ರೆ ಇದೆ. ನಮ್ಮವರಿಗೆ ಬಲ ಮಂಡಿ ನೋವು. ಹತ್ತಬಹುದೇ? ಬೇಡವೆಂದರೆ ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ. (ನಿವೃತ್ತ ಶಿಕ್ಷಕಿ, ಮೈಸೂರು)

ಉತ್ತರ: ಮೇಡಂ, ನೀವು ಮೈಸೂರಿನವರಾಗಿದ್ದು ಒಳ್ಳೆಯದಾಯಿತು. ಅಳತೆಗೋಲು ನಿಮ್ಮ ಮನೆಯ ಹಿಂದೆಯೇ ಇದೆ. ಕಣಿವೆಯ ತಳ ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿದೆ, ಗ್ಲೇಸಿಯರ್ ಪಾಯಿಂಟ್ 2,199 ಮೀಟರ್. ನಡುವಿನ ಏರು 3,200 ಅಡಿ, ಎಂದರೆ ಸಾವಿರ ಮೀಟರಿಗೆ ಸ್ವಲ್ಪ ಕಡಿಮೆ. ಚಾಮುಂಡಿ ಬೆಟ್ಟದ ಮೆಟ್ಟಿಲುಗಳನ್ನು ಬುಡದಿಂದ ದೇವಸ್ಥಾನದವರೆಗೆ ಹತ್ತಿದರೆ ಮುನ್ನೂರು ಮೀಟರ್ ಕೂಡ ಆಗುವುದಿಲ್ಲ. ಒಂದೇ ಬೆಳಿಗ್ಗೆ ಮೂರು ಚಾಮುಂಡಿ ಹತ್ತಿ, ಮೇಲೆ ಇನ್ನಷ್ಟು ಹತ್ತಿದಷ್ಟು ಎಂದುಕೊಳ್ಳಿ. ಒಂದೇ ವ್ಯತ್ಯಾಸವೆಂದರೆ ಅಲ್ಲಿ ಮೆಟ್ಟಿಲಿಲ್ಲ. ಹಾದಿ ಹಾವಿನಂತೆ ತಿರುವು ತಿರುವಾಗಿ ಏರುತ್ತದೆ, ಉದ್ದ 7.7 ಕಿಲೋಮೀಟರ್. ಕಡಿದು ಅನ್ನಿಸುವುದಿಲ್ಲ, ಆದರೆ ಮುಗಿಯುವುದೂ ಇಲ್ಲ.

ಪರೀಕ್ಷೆಯನ್ನು ಇಲ್ಲೇ ಮಾಡಿಕೊಂಡು ಹೋಗಿ. ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಮೆಟ್ಟಿಲು ಹತ್ತಿ, ಬಸ್ಸಿನಲ್ಲಿ ಕೆಳಗಿಳಿದು ಮತ್ತೊಮ್ಮೆ ಹತ್ತಿ. ಎರಡನೆಯ ಸಲ ನಂದಿಯ ಹತ್ತಿರ ಬಂದಾಗ ಮಾತನಾಡಲು ಉಸಿರಿದ್ದರೆ ನೀವು ಹತ್ತಬಲ್ಲಿರಿ. ನಂದಿಯನ್ನು ನೋಡುವ ಮನಸ್ಸೂ ಇಲ್ಲದೆ ಕಟ್ಟೆ ಹುಡುಕುವಂತಾದರೆ ಅಳಿಯನಿಗೆ ಈಗಲೇ ಫೋನ್ ಮಾಡಿ. ಮಾತ್ರೆಯ ವಿಷಯ ನನ್ನದಲ್ಲ, ನಿಮ್ಮ ವೈದ್ಯರದು. ಎತ್ತರದಿಂದಾಗಿ ತಲೆ ಸುತ್ತುತ್ತದೆಂಬ ಹೆದರಿಕೆಯಿದ್ದರೆ ಬಿಡಿ, ಅದು ಊಟಿಯಷ್ಟೇ ಎತ್ತರ.

ಇನ್ನು ನಿಮ್ಮವರ ಮಂಡಿ. ಅವರು ಹತ್ತುವುದೂ ಬೇಡ, ಇಳಿಯುವುದಂತೂ ಬೇಡವೇ ಬೇಡ. ಮಂಡಿಯ ವಿಷಯದಲ್ಲಿ ನಮ್ಮವರದು ಒಂದು ತಪ್ಪು ಲೆಕ್ಕ: ಹತ್ತುವುದೇ ಕಷ್ಟ, ಇಳಿಯುವುದು ಸಲೀಸು ಎನ್ನುತ್ತಾರೆ. ಹತ್ತುವಾಗ ದುಡಿಯುವುದು ಎದೆ, ಇಳಿಯುವಾಗ ಪೆಟ್ಟು ತಿನ್ನುವುದು ಮಂಡಿ. ನಾನು ಮೊದಲ ಸಲ ಹೋದಾಗ ಮಗಳ ಮುಂದೆ ಜಂಬ ತೋರಿಸಲು ಹೋಗಿ, ಹತ್ತಿದ್ದಲ್ಲದೆ ಅದೇ ದಾರಿಯಲ್ಲಿ ಇಳಿದೂ ಬಂದೆ. ಆಮೇಲೆ ಮೂರು ದಿನ ಮಗಳ ಮನೆಯ ಮಹಡಿ ಮೆಟ್ಟಿಲನ್ನು ಬೆನ್ನು ಮುಂದಾಗಿ ಇಳಿದೆ, ಏಣಿ ಇಳಿಯುವವರ ಹಾಗೆ. ಮೊಮ್ಮಗ ಅದನ್ನು ಆಟವೆಂದುಕೊಂಡು ತಾನೂ ಹಾಗೆಯೇ ಇಳಿಯಲು ಹೋಗಿ ಬಿದ್ದ. ಬೈಗುಳ ನನಗೆ.

ಎರಡನೆಯ ಸಲ ಬುದ್ಧಿ ಬಂದಿತ್ತು. ನಾವು ಮಾಡಿದ್ದನ್ನೇ ನೀವೂ ಮಾಡಿ: ಮನೆಯವರನ್ನು ಎರಡು ಪಂಗಡ ಮಾಡಿ. ಗ್ಲೇಸಿಯರ್ ಪಾಯಿಂಟ್‌ವರೆಗೆ ಕಾರಿನ ರಸ್ತೆ ಇದೆ. ಕಣಿವೆಯಿಂದ ಸುತ್ತು ಹಾಕಿಕೊಂಡು ಹೋಗಬೇಕು, 48 ಕಿಲೋಮೀಟರ್, ಸುಮಾರು ಒಂದು ಗಂಟೆಯ ದಾರಿ. ನಾನು, ಮಗಳು ಬೆಳಿಗ್ಗೆ ಆರೂವರೆಗೆ ನಡೆಯಲು ಶುರು ಮಾಡಿದೆವು. ಅಳಿಯ ನನ್ನಾಕೆಯನ್ನೂ ಮೊಮ್ಮಗನನ್ನೂ ಮೊಸರನ್ನದ ಡಬ್ಬಿಯನ್ನೂ ಕಾರಿನಲ್ಲಿ ಕೂರಿಸಿಕೊಂಡು ನಿಧಾನಕ್ಕೆ ಹೊರಟು ಹತ್ತಕ್ಕೆ ಮೇಲಿದ್ದ. ಅಲ್ಲಿ 1920ರ ದಶಕದಲ್ಲಿ ಕಟ್ಟಿದ ಒಂದು ಪುಟ್ಟ ಕಲ್ಲಿನ ಮಂಟಪವಿದೆ. ಪ್ರವಾಸಿಗರಿಗೆ ಭೂವಿಜ್ಞಾನ ತಿಳಿಸಲೆಂದೇ ಕಟ್ಟಿದ್ದು. ಗಂಡನ ಭೂವಿಜ್ಞಾನವನ್ನು ಜೀವನವಿಡೀ ಕೇಳಿ ಬೇಸತ್ತ ನನ್ನಾಕೆ ನೆರಳಿದೆಯೆಂದು ಅಲ್ಲಿಯೇ ಹೋಗಿ ಕುಳಿತಿದ್ದಳು. ನಾವು ಹನ್ನೊಂದೂವರೆಗೆ ಬೆವರು ಸುರಿಸುತ್ತ ತಲುಪಿದಾಗ ಅವಳು ಕೇಳಿದ ಮೊದಲ ಮಾತು, "ಇಷ್ಟು ಹೊತ್ತೇ?" ಮರಳುವಾಗ ಎಲ್ಲರೂ ಕಾರಿನಲ್ಲೇ ಇಳಿದೆವು.

ಹಾಗಾದರೆ ಕಾರಿನಲ್ಲೇ ಹೋಗುವಾಗ ನಡೆಯುವುದೇಕೆ ಎಂದು ನೀವು ಕೇಳಬಹುದು. ಕಾರಿನಲ್ಲಿ ಹೋದವರಿಗೆ ಆ ಕಣಿವೆ ಒಮ್ಮೆಲೇ ಸಿಗುತ್ತದೆ: ಪಾರ್ಕಿಂಗ್‌ನಿಂದ ಕೆಲವು ಹೆಜ್ಜೆ, ಕಬ್ಬಿಣದ ಕಟಕಟೆ, ಫೋಟೋ. ನಡೆದವರಿಗೆ ಅದು ಕಂತುಗಳಲ್ಲಿ ಸಿಗುತ್ತದೆ. ಈ ಹಾದಿಯ ಎದುರು ಗೋಡೆಯಲ್ಲೇ ಯೊಸೆಮಿಟಿ ಜಲಪಾತ. ಮೇಲಿನ ಧುಮುಕು, ನಡುವಿನ ಜಾರು, ಕೆಳಗಿನ ಧುಮುಕು, ಮೂರೂ ಸೇರಿ 739 ಮೀಟರ್. ನಮ್ಮ ಜೋಗದ ರಾಜ 253 ಮೀಟರ್ ಎಂಬುದನ್ನು ನೆನೆದುಕೊಳ್ಳಿ. ಕಣಿವೆಯ ತಳದಲ್ಲಿ ನಿಂತರೆ ಕತ್ತು ನೋಯುತ್ತದೆ, ನಡುವಿನ ಭಾಗ ಬಂಡೆಯ ಮರೆಯಲ್ಲಿ ಅಡಗುತ್ತದೆ. ಇಲ್ಲಿ ಒಂದೊಂದು ತಿರುವು ಏರಿದಾಗಲೂ ಅದು ಸ್ವಲ್ಪ ಸ್ವಲ್ಪ ಬಿಚ್ಚಿಕೊಳ್ಳುತ್ತದೆ. ಅರ್ಧ ದಾರಿ ಏರುವ ಹೊತ್ತಿಗೆ ಜಲಪಾತದ ಸೊಂಟ ನಮ್ಮ ಕಣ್ಣಿನ ಮಟ್ಟಕ್ಕೆ ಬಂದಿತ್ತು. ಸದ್ದು ಮಾತ್ರ ನೀರು ಬಿದ್ದ ಮೇಲೆ ತಡವಾಗಿ ಬಂದು ಮುಟ್ಟುತ್ತಿತ್ತು, ದೂರದ ಹಳ್ಳದಲ್ಲಿ ಅಗಸ ಬಟ್ಟೆ ಒಗೆಯುವುದನ್ನು ನೋಡಿದ ಹಾಗೆ.

ಮೇ ತಿಂಗಳೆಂದಿರಿ. ಜಲಪಾತಕ್ಕೆ ಅದೇ ಸುಗ್ಗಿ. ಮೇಲಿನ ಹಿಮ ಕರಗಿ ಬರುವ ನೀರು ಅದು, ಮೇ ಮತ್ತು ಜೂನ್‌ನಲ್ಲಿ ಭೋರ್ಗರೆಯುತ್ತದೆ, ಆಗಸ್ಟಿನ ಹೊತ್ತಿಗೆ ಎಷ್ಟೋ ವರ್ಷ ಬಂಡೆಯ ಮೇಲಿನ ಕಲೆ ಮಾತ್ರ ಉಳಿಯುತ್ತದೆ. ಆದರೆ ಕಾರಿನ ರಸ್ತೆ ಚಳಿಗಾಲದಲ್ಲಿ ಹಿಮದಿಂದ ಮುಚ್ಚಿರುತ್ತದೆ, ಸಾಮಾನ್ಯವಾಗಿ ಮೇ ತಿಂಗಳ ಕೊನೆಯ ಹೊತ್ತಿಗೆ ತೆರೆಯುತ್ತದೆ. ಕಾಲುದಾರಿಯ ಮೇಲ್ಭಾಗವೂ ಅಷ್ಟೇ. ಅದು ಉತ್ತರಕ್ಕೆ ಮುಖ ಮಾಡಿದ ಇಳಿಜಾರು, ಬಿಸಿಲು ಕಡಿಮೆ, ಹಿಮ ಬೇಗ ಕರಗದು. ಅಳಿಯನಿಗೆ ಹೇಳಿ, ಹೊರಡುವ ಹಿಂದಿನ ದಿನ ರಸ್ತೆ ತೆರೆದಿದೆಯೇ, ಪ್ರವೇಶಕ್ಕೆ ಮುಂಗಡ ಕಾಯ್ದಿರಿಸಬೇಕೇ ಎಂದು ರಾಷ್ಟ್ರೀಯ ಉದ್ಯಾನದ ಜಾಲತಾಣದಲ್ಲಿ ನೋಡಿಕೊಳ್ಳಲಿ. ವರ್ಷದಿಂದ ವರ್ಷಕ್ಕೆ ನಿಯಮ ಬದಲಾಗುತ್ತಿರುತ್ತದೆ. ತಲೆಗೆ ಮೂರು ಲೀಟರ್ ನೀರು ಇರಲಿ, ದಾರಿಯಲ್ಲಿ ನಂಬುವಂಥ ನೀರಿಲ್ಲ, ಶೌಚಾಲಯವೂ ಇಲ್ಲ. ಹೆಂಗಸರು ಈ ಎರಡನೆಯದಕ್ಕೆ ಹೆದರಿ ನೀರು ಕುಡಿಯದೆ ನಡೆಯುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ.

ಮಕ್ಕಳು ಬೇಸರ ಮಾಡಿಕೊಳ್ಳುತ್ತಾರೆ ಎಂದಿರಿ. ಮಾಡಿಕೊಳ್ಳಲಿ ಬಿಡಿ. ಅರ್ಧ ದಾರಿಯಲ್ಲಿ ಸಾಕೆನಿಸಿದರೆ ಅಲ್ಲಿಂದಲೇ ಹಿಂದಿರುಗಬಹುದು, ಜಲಪಾತ ಅಷ್ಟರಲ್ಲಿ ಸಿಕ್ಕಿರುತ್ತದೆ.

ಪ್ರಶ್ನೆ: ಆ ದಾರಿಯ ಹೆಸರು "ಫೋರ್ ಮೈಲ್ ಟ್ರೇಲ್" ಎಂದು ಬರೆದು, ಪಕ್ಕದಲ್ಲೇ ಉದ್ದ 7.7 ಕಿ.ಮೀ. ಎಂದಿದ್ದಿರಿ. ನಾಲ್ಕು ಮೈಲಿಗೆ 6.4 ಕಿ.ಮೀ. ತಾನೇ? (ಗಣಿತದ ಮೇಷ್ಟ್ರು, ಹಾಸನ)

ಉತ್ತರ: ನಿಮ್ಮ ಲೆಕ್ಕ ಸರಿ, ನನ್ನದೂ ಸರಿ, ಹೆಸರು ಮಾತ್ರ ಹಳೆಯದು. ಜೇಮ್ಸ್ ಮೆಕಾಲೆ ಎಂಬ ಐರಿಷ್ ಮೂಲದವನು ಜಾನ್ ಕಾನ್ವೇ ಎಂಬ ಕುಶಲಿಯ ಕೈಯಿಂದ ಈ ದಾರಿಯನ್ನು ಕಡಿಸಿದ್ದು 1871-72ರಲ್ಲಿ. ಆಗ ಅದು ನಾಲ್ಕು ಮೈಲಿಯ ಆಸುಪಾಸು ಇತ್ತು, ಏರಲು ಬಂದವರಿಂದ ಸುಂಕ ವಸೂಲಿಯೂ ಇತ್ತು. 1929ರಲ್ಲಿ ತಿದ್ದಿ ಕಟ್ಟಿದಾಗ ಏರು ಸೌಮ್ಯವಾಯಿತು, ದಾರಿ 4.8 ಮೈಲಿಗೆ ಬೆಳೆಯಿತು. ಹೆಸರನ್ನು ಯಾರೂ ಮುಟ್ಟಲಿಲ್ಲ.

ಮೆಕಾಲೆ ವಿಚಿತ್ರ ಮನುಷ್ಯ. ತುದಿಯಲ್ಲಿ ಹೋಟೆಲ್ ನಡೆಸುತ್ತಿದ್ದ. ಇಲ್ಲಿಂದ ಕೆಳಗೆ ಎಷ್ಟು ಆಳವಿದೆಯೆಂದು ಪ್ರವಾಸಿಗರಿಗೆ ತೋರಿಸಲು ಕಲ್ಲು ಎಸೆಯುತ್ತಿದ್ದನಂತೆ, ಆಮೇಲೆ ತನ್ನ ಸಾಕು ಕೋಳಿಯನ್ನೇ ಅಂಚಿನಿಂದ ಎಸೆಯುತ್ತಿದ್ದನಂತೆ. ಹೆಂಗಸರು ಚೀರಿಕೊಂಡರೆ, "ಅದಕ್ಕೆ ರೂಢಿಯಾಗಿದೆ, ನಾಳೆ ನಡೆದುಕೊಂಡು ಮೇಲೆ ಬರುತ್ತದೆ" ಎನ್ನುತ್ತಿದ್ದನಂತೆ. ಅಂತೆಗಳ ಲೆಕ್ಕ ನೀವೇ ಹಾಕಿ. ಕೋಳಿ ಏರಿದ ದಾರಿಯೂ ಇದೇ ನಾಲ್ಕು ಮೈಲಿ.

ಪ್ರಶ್ನೆ: ಗ್ಲೇಸಿಯರ್ ಎಂದರೆ ಹಿಮನದಿ. ನಾವು ಕಳೆದ ಜುಲೈನಲ್ಲಿ ಹೋಗಿದ್ದೆವು. ಅಲ್ಲಿ ಹಿಮನದಿ ಹೋಗಲಿ, ಐಸ್‌ಕ್ರೀಮ್ ಬಿಟ್ಟರೆ ಬೇರೆ ಐಸ್ ಕಾಣಲಿಲ್ಲ. ಸುಮ್ಮನೆ ಪ್ರವಾಸಿಗರನ್ನು ಸೆಳೆಯಲು ಇಟ್ಟ ಹೆಸರೇ? (ಬ್ಯಾಂಕ್ ನೌಕರ, ದಾವಣಗೆರೆ)

ಉತ್ತರ: ನಗು ಬಂತು, ಆದರೆ ಪ್ರಶ್ನೆ ಚೆನ್ನಾಗಿದೆ. ಹಿಮನದಿ ಕೆಲಸ ಮುಗಿಸಿ ಹೋದ ಮೇಲೆ ನೀವು ಹೋಗಿದ್ದೀರಿ, ಹದಿನೈದು ಸಾವಿರ ವರ್ಷ ತಡವಾಗಿ. ಬಡಗಿ ಮನೆಗೆ ಹೋಗಿದ್ದಾನೆ, ತೊಟ್ಟಿಲು ಅಲ್ಲೇ ಇದೆ.

ಕಟಕಟೆ ಹಿಡಿದು ನಿಂತು ಕೆಳಗೆ ನೋಡಿದ್ದು ನೆನಪಿದೆಯೇ? ನೆಲ ಚಪ್ಪಟೆ, ಹುಲ್ಲುಗಾವಲು, ಅದರ ನಡುವೆ ಮರ್ಸೆಡ್ ನದಿ ಹಗ್ಗ ಬಿದ್ದ ಹಾಗೆ. ಎರಡು ಬದಿಗೂ ಗೋಡೆಗಳು ನೆಟ್ಟಗೆ. ಬರಿಯ ನದಿ ಕೊರೆದ ಕಣಿವೆ ಹೀಗಿರುವುದಿಲ್ಲ. ಆಗುಂಬೆ ಘಾಟಿಯಲ್ಲಿ ನಿಂತು ನೋಡಿ, ಇಳಿಜಾರುಗಳು ಎರಡು ಕಡೆಯಿಂದ ಬಂದು ಕೆಳಗೆ ಹಳ್ಳದಲ್ಲಿ ಕೂಡುತ್ತವೆ, ಇಂಗ್ಲಿಷಿನ ವಿ ಅಕ್ಷರದಂತೆ. ನದಿಯದು ಗರಗಸದ ಕೆಲಸ, ಒಂದೇ ಗೆರೆಯಲ್ಲಿ ಕೊಯ್ಯುತ್ತದೆ. ಹಿಮನದಿಯದು ಉಜ್ಜುಗೊರಡಿನ ಕೆಲಸ. ನೂರಾರು ಮೀಟರ್ ದಪ್ಪದ ಹಿಮ ತನ್ನ ತಳದಲ್ಲಿ ಕಲ್ಲು ಬಂಡೆಗಳನ್ನು ಕಚ್ಚಿಕೊಂಡು, ದಿನಕ್ಕೆ ಒಂದು ಬೆರಳಿನಷ್ಟು ಸರಿಯುತ್ತ, ತಳವನ್ನೂ ಬದಿಯನ್ನೂ ಒಟ್ಟಿಗೆ ಕೆತ್ತುತ್ತದೆ. ಸುಮಾರು ಹತ್ತು ಲಕ್ಷ ವರ್ಷದ ಹಿಂದಿನ ದೊಡ್ಡ ಹಿಮನದಿ ಈ ಕಣಿವೆಯನ್ನು ಕಂಠಮಟ್ಟ ತುಂಬಿತ್ತು, ನೀವು ಐಸ್‌ಕ್ರೀಮ್ ತಿಂದ ಜಾಗವೂ ಹಿಮದಡಿ ಇತ್ತು. ಕೊನೆಯ ಸಲ ಬಂದದ್ದು ಚಿಕ್ಕದು, ಕಣಿವೆಯ ಕೆಳತುದಿಯ ಬ್ರೈಡಲ್‌ವೇಲ್ ಹುಲ್ಲುಗಾವಲಿನ ಹತ್ತಿರ ನಿಂತು ಕರಗಿತು.

ಇನ್ನೊಂದು ಮಾತು ಕೇಳಿ, ನನ್ನ ತರಗತಿಯಲ್ಲಿ ಇದನ್ನು ಹೇಳಿದಾಗ ಹಿಂದಿನ ಬೆಂಚೂ ಎದ್ದು ಕೂರುತ್ತಿತ್ತು. ಆ ಚಪ್ಪಟೆ ನೆಲ ಕಣಿವೆಯ ನಿಜವಾದ ತಳ ಅಲ್ಲ. ಹಿಮ ಕೆತ್ತಿದ ಕಲ್ಲಿನ ತಳ, ಆಳವಾದ ಜಾಗಗಳಲ್ಲಿ, ಅದರ ಕೆಳಗೆ ಇನ್ನೂ ಸುಮಾರು 2,000 ಅಡಿ ಇದೆ. ಅದೆಲ್ಲ ಮರಳು, ಜಲ್ಲಿ, ಹೂಳಿನಿಂದ ತುಂಬಿಹೋಗಿದೆ. ಕೊನೆಯ ಹಿಮ ಕರಗಿದಾಗ ಅಲ್ಲೊಂದು ಕೆರೆಯಿತ್ತು, ಅದೂ ಹೂಳು ತುಂಬಿ ಹುಲ್ಲುಗಾವಲಾಯಿತು. ಹೂಳು ತುಂಬಿದ ಕೆರೆಯ ಮೇಲೆ ಬಡಾವಣೆ ಎದ್ದುದನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಿಮನದಿಯೇ ಕೆತ್ತಿತೆಂದು ಒಪ್ಪಿಸುವುದು ಆಗ ಸುಲಭವಿರಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯದ ಭೂವಿಜ್ಞಾನಿಯಾಗಿದ್ದ ಜೋಸಯಾ ವಿಟ್ನಿ 1860ರ ದಶಕದಲ್ಲಿ, ಭೂಮಿ ಬಿರಿದು ಕಣಿವೆಯ ತಳವೇ ಕುಸಿದು ಹೋಯಿತು ಎಂದು ವಾದಿಸಿದ. ಅಲ್ಲಿ ಕುರಿ ಕಾದು, ಮರ ಕೊಯ್ದು ಬದುಕುತ್ತಿದ್ದ ಜಾನ್ ಮ್ಯೂರ್ ಬಂಡೆಗಳ ಮೇಲಿನ ಗೀರುಗಳನ್ನು ನೋಡಿ, ಅಲ್ಲ, ಇದು ಹಿಮದ ಕೆಲಸ ಎಂದು 1871ರಲ್ಲಿ ಪತ್ರಿಕೆಗೆ ಬರೆದ. ಕುರಿ ಕಾಯುವವನ ಮಾತೆಂದು ವಿಟ್ನಿ ತಳ್ಳಿಹಾಕಿದ. ಮ್ಯೂರ್ ಜಗಳವಾಡುತ್ತ ಕೂರಲಿಲ್ಲ. 1872ರಲ್ಲಿ ಮೇಲಿನ ಬೆಟ್ಟಗಳಲ್ಲಿ ಇನ್ನೂ ಉಳಿದಿದ್ದ ಮಕ್ಲೂರ್ ಹಿಮನದಿಯಲ್ಲಿ ಸಾಲಾಗಿ ಗೂಟ ನೆಟ್ಟು ಬಂದ, ಒಂದೂವರೆ ತಿಂಗಳ ನಂತರ ಹೋಗಿ ಅಳೆದ. ಗೂಟ ಸರಿದಿತ್ತು, ದಿನಕ್ಕೆ ಸುಮಾರು ಒಂದು ಅಂಗುಲ. ಕೊನೆಗೆ ಮ್ಯೂರ್ ಗೆದ್ದ ಎಂದು ಎಲ್ಲ ಕಡೆ ಬರೆಯುತ್ತಾರೆ. ಪೂರ್ತಿ ಗೆಲ್ಲಲಿಲ್ಲ. ಎಲ್ಲವನ್ನೂ ಹಿಮವೇ ಮಾಡಿತೆಂದು ಅವನೂ ಅತಿ ಮಾಡಿದ್ದ. ಮೊದಲು ನದಿ ಆಳವಾಗಿ ಕೊರೆದು, ಆಮೇಲೆ ಹಿಮ ಬಂದು ಅದನ್ನು ಅಗಲಿಸಿತು ಎಂದು ಭೂವಿಜ್ಞಾನಿ ಫ್ರಾಂಸ್ವಾ ಮ್ಯಾಥೆಸ್ 1930ರಲ್ಲಿ ಸರಿಯಾಗಿ ವಿಂಗಡಿಸಿದ.

ಆದರೆ ನನ್ನ ಮಟ್ಟಿಗೆ ಇವರೆಲ್ಲರಿಗಿಂತ ಮೊದಲೇ ಈ ಸಂಗತಿಯನ್ನು ಕಣ್ಣಾರೆ ಕಂಡವರು ಆ ಕಣಿವೆಯ ಮೂಲ ನಿವಾಸಿಗಳು. 1851ರಲ್ಲಿ ಅವರನ್ನು ಹಿಡಿದು ಹೊರಗಟ್ಟಲು ಬಂದ ಬಿಳಿಯರ ಪಡೆ, ಮೇಲಿನ ಒಂದು ಸರೋವರಕ್ಕೆ ಅವರ ಮುಖ್ಯಸ್ಥ ಟೆನಾಯಾನ ಹೆಸರನ್ನು ಇಟ್ಟು, ಇದು ನಿನಗೆ ಗೌರವ ಎಂದಿತು. ಅದಕ್ಕೆ ಹೆಸರು ಮೊದಲೇ ಇದೆ ಎಂದ ಮುದುಕ. ಆ ಹೆಸರಿನ ಅರ್ಥ, ಹೊಳೆಯುವ ಬಂಡೆಗಳು. ಹಿಮ ಉಜ್ಜಿದ ಬಂಡೆ ನಿಜವಾಗಿಯೂ ಹೊಳೆಯುತ್ತದೆ. ನಾನು ಆ ಸರೋವರದ ಹತ್ತಿರ ಒಂದು ಬಂಡೆಯ ಮೇಲೆ ಅಂಗೈ ಸವರಿದೆ. ಅಜ್ಜಿಯ ಮನೆಯ ಒರಳಿನ ಒಳಮೈ, ಅದೇ ನುಣುಪು. ಎರಡು ಗೇಣು ಪಕ್ಕದಲ್ಲಿ ಆ ಪದರ ಎದ್ದುಹೋದ ಕಡೆ ಅದೇ ಕಲ್ಲು ಉಪ್ಪುಕಾಗದದ ಹಾಗೆ ಒರಟು.

ಪ್ರಶ್ನೆ: ಹಾಫ್ ಡೋಮ್ ಬಂಡೆಯ ಇನ್ನರ್ಧ ಎಲ್ಲಿ ಹೋಯಿತು? ನಮ್ಮ ಆರನೇ ತರಗತಿ ಮಗನ ಪ್ರಶ್ನೆ. (ಗೃಹಿಣಿ, ತುಮಕೂರು)

ಉತ್ತರ: ಮಗುವಿಗೆ ಹೇಳಿ, ಇನ್ನರ್ಧ ಎಂಬುದು ಇರಲೇ ಇಲ್ಲ. ಕಣಿವೆಯ ತಳದಿಂದ ನೋಡಿದಾಗ ಚಾಕುವಿನಲ್ಲಿ ಕೊಯ್ದ ದುಂಡು ಗುಡ್ಡದಂತೆ ಕಾಣುವುದರಿಂದ ಆ ಹೆಸರು ಬಿತ್ತು. ಗ್ಲೇಸಿಯರ್ ಪಾಯಿಂಟ್‌ನಿಂದ ಅದರ ಪಕ್ಕೆ ಕಾಣುತ್ತದೆ, ಆಗ ಗುಟ್ಟು ಬಯಲು. ಅದು ಉದ್ದನೆಯ ಕಿರಿದಾದ ಏಣು, ಹಿಂಬದಿಯೂ ಕಡಿದೇ. ಗ್ರಾನೈಟ್‌ನಲ್ಲಿ ಮೇಲಿನಿಂದ ಕೆಳಕ್ಕೆ ನೆಟ್ಟಗಿನ ಸೀಳುಗಳಿದ್ದವು. ಆ ಸೀಳಿಗೆ ಅಂಟಿಕೊಂಡಿದ್ದ ಚಪ್ಪಡಿಗಳು ಕಳಚಿ ಬಿದ್ದವು, ಬಿದ್ದದ್ದನ್ನು ಹಿಮನದಿ ಹೊತ್ತೊಯ್ದಿತು. ಆದರೂ ಮೂಲ ಬಂಡೆಯ ಬಹುಪಾಲು ಇನ್ನೂ ಅಲ್ಲೇ ನಿಂತಿದೆ. ಹಿಂಬದಿ ದುಂಡಗಾದದ್ದು ಬೇರೆ ರೀತಿ: ಮೇಲಿದ್ದ ಭಾರ ಸವೆದು ಹೋದಾಗ ಬಂಡೆ ಹಿಗ್ಗಿ ಈರುಳ್ಳಿ ಸಿಪ್ಪೆಯಂತೆ ಪದರ ಪದರವಾಗಿ ಬಿಡುತ್ತದೆ.

ಇದನ್ನು ನೋಡಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ. ನೀವು ತುಮಕೂರಿನವರು, ಮಗನನ್ನು ಒಂದು ರಜೆಯಲ್ಲಿ ಮಧುಗಿರಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ. ಬಂಡೆಯಿಂದ ಬಿಟ್ಟುಕೊಂಡ ಪದರಗಳನ್ನು ಬೆರಳಿಟ್ಟು ತೋರಿಸಬಹುದು. ಮಗುವಿಗೆ ಇನ್ನೊಂದು ವಿಷಯ ಹೇಳಿದರೆ ಶಾಲೆಯಲ್ಲಿ ಜಂಬ ಕೊಚ್ಚಿಕೊಳ್ಳಲು ಅನುಕೂಲ: ಹಾಫ್ ಡೋಮ್‌ನ ಕಲ್ಲು ಹುಟ್ಟಿ ಹತ್ತು ಕೋಟಿ ವರ್ಷವೂ ಆಗಿಲ್ಲ. ನಮ್ಮ ರಾಮನಗರದ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ. ನಮ್ಮ ಕಲ್ಲುಗಳ ಮುಂದೆ ಅದು ಹಾಲುಗಲ್ಲದ ಕೂಸು.

ನನ್ನಾಕೆ ಆ ಮಂಟಪದಲ್ಲಿ ಕುಳಿತು ಅದನ್ನು ಒಂದೂವರೆ ಗಂಟೆ ನೋಡಿದ್ದಳಲ್ಲ, ನಾನು ಬಂದೊಡನೆ ಸೀಳು, ಪದರ ಎಂದು ಶುರು ಮಾಡಿದಾಗ ತಡೆದು ಹೇಳಿದಳು: "ನನಗೇನೋ ಮುದುಕಿಯೊಬ್ಬಳು ಮುಸುಕು ಹೊದ್ದು ಅತ್ತುಕೊಂಡು ಕುಳಿತ ಹಾಗೆ ಕಾಣುತ್ತದೆ." ನಾನು ನಕ್ಕೆ. ಸಂಜೆ ಮಗಳ ಮನೆಗೆ ಬಂದು ಓದಿದರೆ, ಅಲ್ಲಿನ ಮೂಲ ನಿವಾಸಿಗಳ ಕಥೆಯಲ್ಲಿ ಆ ಬಂಡೆ ಟಿಸ್ಸಾಯಾಕ್ ಎಂಬ ಹೆಂಗಸು. ಗಂಡನೊಡನೆ ಜಗಳವಾಡಿ ಕಲ್ಲಾದವಳು. ಬಂಡೆಯ ಮೇಲಿನ ಕಪ್ಪು ಗೆರೆಗಳು ಅವಳ ಕಣ್ಣೀರು. ಆ ವಿಷಯವನ್ನು ನನ್ನಾಕೆಗೆ ಹೇಳಬಾರದಿತ್ತು. ಇವತ್ತಿಗೂ ಮನೆಗೆ ಬಂದವರ ಮುಂದೆಲ್ಲ ಅದನ್ನು ಎತ್ತುತ್ತಾಳೆ, ಅದರಲ್ಲೂ ಜಗಳದ ಭಾಗವನ್ನು.

ಪ್ರಶ್ನೆ: ಅಲ್ಲಿಂದ ಬೆಂಕಿಯ ಜಲಪಾತ ಬೀಳುತ್ತದೆಂದು ವಾಟ್ಸಾಪ್‌ನಲ್ಲಿ ವಿಡಿಯೋ ಬಂದಿತ್ತು. ನಿಜವೇ? (ಅಂಗಡಿ ಮಾಲೀಕರು, ಶಿರಸಿ)

ಉತ್ತರ: ಎರಡು ಬೇರೆ ಬೇರೆ ವಿಷಯಗಳು ಒಂದೇ ಹೆಸರಿನಲ್ಲಿ ಓಡಾಡುತ್ತಿವೆ. ನೀವು ನೋಡಿದ್ದು ಎಲ್ ಕ್ಯಾಪಿಟನ್ ಬಂಡೆಯ ಅಂಚಿನಿಂದ ಇಳಿಯುವ ಹಾರ್ಸ್‌ಟೇಲ್ ಎಂಬ ಸಣ್ಣ ಜಲಪಾತ ಇರಬೇಕು. ಫೆಬ್ರುವರಿಯ ಕೆಲವು ಸಂಜೆ, ನೀರಿದ್ದು ಮೋಡವಿಲ್ಲದಿದ್ದರೆ, ಮುಳುಗುವ ಸೂರ್ಯನ ಬೆಳಕು ಸರಿಯಾಗಿ ಆ ನೀರಿನ ಮೇಲೆ ಮಾತ್ರ ಬಿದ್ದು ಕಾಯಿಸಿದ ಕಬ್ಬಿಣದಂತೆ ಉರಿಯುತ್ತದೆ. ಬೆಳಕಿನಾಟ ಅಷ್ಟೇ.

ಗ್ಲೇಸಿಯರ್ ಪಾಯಿಂಟ್‌ನದು ನಿಜವಾದ ಬೆಂಕಿ. ಕೋಳಿಯ ಮೆಕಾಲೆ ಶುರು ಮಾಡಿದ ಆಟ. ಸಂಜೆಯ ಶಿಬಿರಾಗ್ನಿಯ ಕೆಂಡವನ್ನು ಅಂಚಿನಿಂದ ಕೆಳಕ್ಕೆ ನೂಕುವುದು. ಮುಂದೆ ಅದು ಬೇಸಿಗೆಯ ರಾತ್ರಿ ಒಂಬತ್ತರ ಹೊತ್ತಿನ ನಿತ್ಯ ಕಾರ್ಯಕ್ರಮವೇ ಆಯಿತು. ಕೆಂಪು ಫರ್ ಮರದ ತೊಗಟೆ ಸುಟ್ಟು ಕೆಂಡ ಮಾಡಿ, ಕೆಳಗಿನಿಂದ ಕೂಗು ಬಂದೊಡನೆ ಸಲಿಕೆಯಲ್ಲಿ ಸಮನಾಗಿ ತಳ್ಳುತ್ತಿದ್ದರು. ಜನ ನೋಡಲು ನುಗ್ಗಿ ಹುಲ್ಲುಗಾವಲೆಲ್ಲ ತುಳಿದು ಹಾಳಾಯಿತು. ಪ್ರಕೃತಿಯನ್ನು ನೋಡಬೇಕಾದ ಕಡೆ ಈ ತಮಾಷೆ ಏಕೆಂದು ಉದ್ಯಾನದವರು 1968ರ ಜನವರಿಯಲ್ಲಿ ನಿಲ್ಲಿಸಿದರು. ಮರುವರ್ಷ ಅಲ್ಲಿನ ಹೋಟೆಲುಗಳೂ ಸುಟ್ಟುಹೋದವು, ಆಮೇಲೆ ಕಟ್ಟಲಿಲ್ಲ. ನಮ್ಮ ಜಾತ್ರೆಗಳಲ್ಲಿ ಕೆಂಡ ಹಾಯುತ್ತೇವೆ, ಅವರು ಕೆಂಡ ಸುರಿಯುತ್ತಿದ್ದರು. ಎರಡನ್ನೂ ನೋಡಲು ಜನ ಸೇರುತ್ತಾರೆ ಎಂಬುದು ಮಾತ್ರ ಒಂದೇ.

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಆ ಬಂಡೆಯ ಅಂಚಿನಲ್ಲಿ ನಿಂತ ಫೋಟೋ ಇದೆ. ಅದೇ ಜಾಗದಲ್ಲಿ ನಿಂತು ಫೋಟೋ ತೆಗೆಸಿಕೊಳ್ಳಬಹುದೇ? (ಎಂಜಿನಿಯರಿಂಗ್ ವಿದ್ಯಾರ್ಥಿ, ಬೆಂಗಳೂರು)

ಉತ್ತರ: ಬೇಡ. ರೂಸ್‌ವೆಲ್ಟ್ ನಿಂತದ್ದು 1903ರ ಮೇ ತಿಂಗಳಲ್ಲಿ, ಪಕ್ಕದಲ್ಲಿ ಜಾನ್ ಮ್ಯೂರ್ ಇದ್ದ. ಹಿಂದಿನ ರಾತ್ರಿ ಇಬ್ಬರೂ ಬಯಲಲ್ಲೇ ಮಲಗಿ, ಬೆಳಿಗ್ಗೆ ಎದ್ದಾಗ ಕಂಬಳಿಯ ಮೇಲೆ ಹಿಮ ಬಿದ್ದಿತ್ತು. ಕಾಡಿನ ರಕ್ಷಣೆಯ ವಿಷಯ ಮಾತನಾಡಿದರು, ಮೂರು ವರ್ಷದ ನಂತರ ಆ ಕಣಿವೆ ರಾಜ್ಯದ ಕೈಯಿಂದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿತು. ಆ ಫೋಟೋದಿಂದ ಇಷ್ಟಾದರೂ ಆಯಿತು. ನಿನ್ನದರಿಂದ ಏನಾಗುತ್ತದೆ ಹೇಳಪ್ಪ? ಕಟಕಟೆ ಇರುವುದು ಅದನ್ನು ದಾಟಬಾರದೆಂದು. ಗ್ರಾನೈಟ್ ಮೇಲೆ ಉದುರಿದ ಕಲ್ಲಿನ ಪುಡಿ ಒಣಗಿದ ರಾಗಿ ಚೆಲ್ಲಿದ ನೆಲದಂತೆ, ಬೂಟಿಗೆ ಹಿಡಿತ ಸಿಗದು. ಬಂಡೆಯನ್ನೂ ನಂಬಬೇಡ. 1996ರ ಜುಲೈ 10ರಂದು ಇದೇ ಗೋಡೆಯಿಂದ ಒಂದು ದೊಡ್ಡ ಹೋಳು ಕಳಚಿ ಹ್ಯಾಪಿ ಐಲ್ಸ್ ಬಳಿ ಬಿತ್ತು. ಕಲ್ಲು ಮುಟ್ಟದ ಕಡೆಯೂ, ಅದು ಎಬ್ಬಿಸಿದ ಗಾಳಿಯ ಹೊಡೆತಕ್ಕೇ ಮರಗಳು ಮಲಗಿದವು, ಒಬ್ಬರು ಸತ್ತರು.

ಪ್ರಶ್ನೆ: ನಮ್ಮದೇ ಹಿಮಾಲಯ ಇರುವಾಗ ಅಮೆರಿಕದ ಕಣಿವೆಯನ್ನು ಕೊಂಡಾಡುವುದೇಕೆ? (ಓದುಗರು, ಧಾರವಾಡ)

ಉತ್ತರ: ಕುಮಾಊಂನ ಪಿಂಡಾರಿ ಹಿಮನದಿಯ ಜೀರೋ ಪಾಯಿಂಟ್‌ಗೂ ನಾನು ಹೋಗಿದ್ದೇನೆ. ಅಲ್ಲಿ ಹಿಮನದಿ ಇನ್ನೂ ಕೆಲಸದಲ್ಲಿದೆ. ಯೊಸೆಮಿಟಿಯಲ್ಲಿ ಕೆಲಸ ಮುಗಿದು ಪಾತ್ರೆ ಖಾಲಿಯಾಗಿರುವುದರಿಂದ ಅದರ ಒಳಮೈ ಕಾಣುತ್ತದೆ. ಎರಡನ್ನೂ ನೋಡಿದವನಿಗೆ ಒಂದು ಇನ್ನೊಂದನ್ನು ವಿವರಿಸುತ್ತದೆ. ಪಿಂಡಾರಿಗೆ ಹೋಗುವವರು ಬರೆಯಿರಿ, ಆ ಪ್ರಶ್ನೆಗಳಿಗೆ ಇನ್ನೊಂದು ಸಂಚಿಕೆ ಮೀಸಲಿಡೋಣ.

ಪ್ರಶ್ನೆ: ಹವಾಯಿ ಚಪ್ಪಲಿಯಲ್ಲಿ ಹತ್ತಬಹುದೇ? ನಾನು ತಿರುಪತಿ ಬೆಟ್ಟ ಬರಿಗಾಲಲ್ಲೇ ಹತ್ತಿದ್ದೇನೆ. (ಓದುಗರು, ಕೋಲಾರ)

ಉತ್ತರ: ತಿಮ್ಮಪ್ಪ ಅಲ್ಲಿಲ್ಲ. ಬೂಟು ಹಾಕಿಕೊಳ್ಳಿ.

ಪ್ರಶ್ನೆ: ಬುತ್ತಿಗೆ ಏನು ಒಯ್ಯಬೇಕು? ಕರಡಿ ಬರುತ್ತದೆ, ತಿಂಡಿ ಒಯ್ಯಬಾರದು ಎಂದು ಸೊಸೆ ಹೆದರಿಸುತ್ತಿದ್ದಾಳೆ. (ಓದುಗರು, ಮಂಡ್ಯ)

ಉತ್ತರ: ಸೊಸೆಯ ಮಾತಿನಲ್ಲಿ ಅರ್ಧ ನಿಜವಿದೆ. ಕಪ್ಪು ಕರಡಿಗಳಿವೆ, ಮೂಗು ಬಲು ಚುರುಕು. ರಾತ್ರಿ ಕಾರಿನಲ್ಲಿ ತಿಂಡಿ ಬಿಟ್ಟರೆ ಬಾಗಿಲನ್ನೇ ಕಿತ್ತು ತೆಗೆದ ಉದಾಹರಣೆಗಳಿವೆ. ಅದಕ್ಕಾಗಿಯೇ ತಂಗುವ ಕಡೆಯೆಲ್ಲ ಕಬ್ಬಿಣದ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ, ಅದರಲ್ಲಿಟ್ಟು ಅಗುಳಿ ಹಾಕಬೇಕು. ಒಗ್ಗರಣೆ ಹಾಕಿದ ಚಿತ್ರಾನ್ನದ ವಾಸನೆಗೆ ನಮಗೇ ತಡೆಯಲಾಗದು, ಕರಡಿಯ ಪಾಡೇನು ಹೇಳಿ. ಹಗಲು ನಡೆಯುವಾಗ ಬುತ್ತಿ ಒಯ್ಯಲು ಅಡ್ಡಿಯಿಲ್ಲ, ಚೀಲವನ್ನು ಕೈಬಿಟ್ಟು ದೂರ ಹೋಗಬಾರದು ಅಷ್ಟೇ. ಅವಲಕ್ಕಿ, ಚಪಾತಿ ಚಟ್ನಿಪುಡಿ, ಒಂದೆರಡು ಕಿತ್ತಳೆ ಸಾಕು. ಕರಿದದ್ದು ಬೇಡ, ಬಾಯಾರಿಕೆ ಹೆಚ್ಚುತ್ತದೆ.

ಮೇಲೆ ತಲುಪಿದ ಮೇಲೆ ಹುಷಾರಾಗಿರಬೇಕಾದದ್ದು ಕರಡಿಗಲ್ಲ, ಅಳಿಲಿಗೆ. ಆ ನೆಲದ ಅಳಿಲುಗಳು ನಮ್ಮವಕ್ಕಿಂತ ದಪ್ಪ, ಪ್ರವಾಸಿಗರ ಸಹವಾಸದಿಂದ ಮರ್ಯಾದೆ ಕಳೆದುಕೊಂಡಿವೆ. ಅವಕ್ಕೆ ತಿನ್ನಿಸುವುದು ಕಾನೂನಿಗೆ ವಿರುದ್ಧ, ಕಚ್ಚಿದರೆ ರೋಗದ ಭಯವೂ ಉಂಟು. ನನ್ನಾಕೆ ಊರಿನಿಂದ ಒಯ್ದಿದ್ದ ಕೋಡುಬಳೆಯನ್ನು ಬಟ್ಟೆಯ ಚೀಲದಲ್ಲಿ ಹಾಕಿ ಮಂಟಪದ ಕಟ್ಟೆಯ ಮೇಲಿಟ್ಟು, ಮೊಮ್ಮಗನ ಮೂಗು ಒರೆಸಲು ಆ ಕಡೆ ತಿರುಗಿದ್ದಾಳೆ. ತಿರುಗಿ ನೋಡಿದರೆ ಚೀಲದ ಮೂಲೆಯಲ್ಲಿ ರೂಪಾಯಿ ಅಗಲದ ತೂತು, ಎರಡು ಗಜ ದೂರದಲ್ಲಿ ಬಂಡೆಯ ಮೇಲೆ ಅಳಿಲು ಎರಡೂ ಕೈಯಲ್ಲಿ ಕೋಡುಬಳೆ ಹಿಡಿದು, ಸ್ಟೇರಿಂಗ್ ತಿರುಗಿಸುವ ಚಾಲಕನ ಹಾಗೆ ಸುತ್ತಿಸುತ್ತ ಕಡಿಯುತ್ತಿದೆ. ಅಳಿಯ ಕೈ ತಟ್ಟಿ ಓಡಿಸಲು ನೋಡಿದ. ಅದು ಕದಲಲಿಲ್ಲ. ಖಾರ ಹತ್ತಿದ ಮೇಲೆ ತಾನಾಗಿಯೇ ಬಿಟ್ಟು, ಮೂತಿಯನ್ನು ಬಂಡೆಗೆ ಉಜ್ಜಿಕೊಂಡು ಹೋಯಿತು. ಆದ್ದರಿಂದ ಬುತ್ತಿ ಸ್ಟೀಲ್ ಡಬ್ಬಿಯಲ್ಲಿರಲಿ, ಮುಚ್ಚಳಕ್ಕೆ ಕೊಂಡಿ ಇರುವ ಡಬ್ಬಿಯಲ್ಲಿ.